ಅವ್ವನ ಅಡುಗೆಮನೆಯ ಕಿಟಕಿ

ಮನೆ ಎಂದರೆ ಒಂದು ಸಲ ಕಟ್ಟಿ ಮುಗಿಸಿ, ಆಮೇಲೆ ಅದರೊಳಗೆ ನೆಮ್ಮದಿಯಾಗಿ ಇರುವಂಥದ್ದು ಅಂತ ನನಗೆ ಗೊತ್ತಾದದ್ದು ಮದುವೆಯಾಗಿ ಬೇರೆ ಮನೆ ಸೇರಿದ ಮೇಲೆ. ಅದಕ್ಕೆ ಮುಂಚೆ, ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲದಲ್ಲಿ, ಮಂಡಿ ಮೊಹಲ್ಲಾದ ನಮ್ಮ ಮನೆ ಯಾವತ್ತೂ ಮುಗಿದದ್ದೇ ಇಲ್ಲ. ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಇದ್ದ ಗೋಡೆ ಸಂಜೆ ಬರುವಷ್ಟರಲ್ಲಿ ಇರುತ್ತಿರಲಿಲ್ಲ. ನಿನ್ನೆ ಹಾಸಿಗೆ ಹಾಸಿದ್ದ ಜಾಗದಲ್ಲಿ ಇವತ್ತು ಮರಳಿನ ಗುಡ್ಡೆ. "ಇವತ್ತು ಎಲ್ಲಿ ಮಲಗೋದು ಅವ್ವಾ?" ಎಂದು ಕೇಳುವುದು ನನಗೆ "ಇವತ್ತು ಏನು ಸಾರು?" ಎಂದು ಕೇಳಿದಷ್ಟೇ ಸಹಜವಾಗಿತ್ತು. ನನ್ನ ಓರಗೆಯವರಲ್ಲಿ ಕೆಲವರಾದರೂ ಇಂಥ ಮನೆಯಲ್ಲಿ ಬೆಳೆದಿರುತ್ತಾರೆ, ಅವರಿಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆಲ್ಲ ಕಾರಣ ಅಪ್ಪ. ಕಡಕೊಳದ ಆಚೆಯ ಒಕ್ಕಲು ಮನೆತನದವರು ಅವರು. ಪೇಟೆಗೆ ಬಂದು ಒಂದು ಮರದ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಹಳೆ ಮನೆಗಳನ್ನು ಕೆಡವಿದಾಗ ಬರುವ ತೊಲೆ, ಬಾಗಿಲು, ಚೌಕಟ್ಟು ಎಲ್ಲ ಆ ಮಂಡಿಗೆ ಬಂದು ಬೀಳುತ್ತಿದ್ದವು. ಒಳ್ಳೆಯ ಮರ ಕಣ್ಣಿಗೆ ಬಿದ್ದರೆ ಅಪ್ಪನಿಗೆ ಕೈ ಸುಮ್ಮನಿರುತ್ತಿರಲಿಲ್ಲ. ತಂದು ಮನೆಯಲ್ಲಿ ಒರಗಿಸುವುದು, ಇದನ್ನು ಎಲ್ಲಿ ಕೂರಿಸಲಿ ಎಂದು ಸೊಂಟದ ಮೇಲೆ ಕೈಯಿಟ್ಟು ನೋಡುವುದು, ಭಾನುವಾರ ಬಂದ ಕೂಡಲೇ ಗೋಡೆಗೆ ಹಾರೆ ಹಾಕುವುದು. ಶುರು ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮುಗಿಸುವುದು ಮಾತ್ರ ಅವರ ಜಾತಕದಲ್ಲೇ ಬರೆದಿರಲಿಲ್ಲ. ಬಚ್ಚಲಿಗೆ ಬಾಗಿಲಿತ್ತು, ಚಿಲಕವಿರಲಿಲ್ಲ. ಅಟ್ಟವಿತ್ತು, ಹತ್ತಲು ಏಣಿಯಿರಲಿಲ್ಲ. ಜಗಲಿಗೆ ಒಂದು ಕಂಬ ಕಲ್ಲಿನದು, ಇನ್ನೊಂದು ಮರದ್ದು, ಮೂರನೆಯದರ ಜಾಗದಲ್ಲಿ ಬರೀ ಗುಂಡಿ. ಆ ಗುಂಡಿಯಲ್ಲಿ ನಾನು ಗೋಲಿ ಬಚ್ಚಿಡುತ್ತಿದ್ದೆ.

"ಹೊಲ ಉಳೋ ಕೈ, ಪ್ಯಾಟೆಗೆ ಬಂದು ಗೋಡೆ ಉಳ್ತಾ ಕುಂತದೆ" ಎಂದು ಅಜ್ಜಿ, ಅಪ್ಪನ ತಾಯಿ, ಮಗನಿಗೆ ಕೇಳಿಸುವ ಹಾಗೇ ಹೇಳುತ್ತಿದ್ದರು. ಅಪ್ಪ ನಗುತ್ತಿದ್ದರು. ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಮಾತ್ರ ನಗುತ್ತಿರಲಿಲ್ಲ, ಯಾಕೆಂದರೆ ಗೋಡೆ ಹೋದಾಗಲೆಲ್ಲ ಮೊದಲು ಎದ್ದು ಜಾಗ ಬಿಡಬೇಕಾಗಿದ್ದುದು ಅವರ ಹಾಸಿಗೆಯೇ.

ಇಷ್ಟೆಲ್ಲ ಕೆಡವಿದ ಅಪ್ಪ ಒಂದು ಗೋಡೆಯನ್ನು ಮಾತ್ರ ಹನ್ನೊಂದು ವರ್ಷ ಮುಟ್ಟಿರಲಿಲ್ಲ. ಅದು ಅಡುಗೆಮನೆಯ ಹಿಂದಿನ ಗೋಡೆ. ನಮ್ಮ ಅಡುಗೆಮನೆಗೆ ಕಿಟಕಿಯಿರಲಿಲ್ಲ. ಹೆಂಚಿನ ನಡುವೆ ಒಂದು ಗಾಜಿನ ಹೆಂಚಿತ್ತಂತೆ, ನಾನು ಕಣ್ಣು ಬಿಡುವ ಹೊತ್ತಿಗೇ ಅದು ಮಸಿ ಹಿಡಿದು ಉಳಿದ ಹೆಂಚುಗಳ ಜೊತೆ ಸೇರಿಹೋಗಿತ್ತು. ಹಗಲು ಹನ್ನೆರಡು ಗಂಟೆಗೂ ಅವ್ವ ಬುಡ್ಡಿ ದೀಪ ಹಚ್ಚಿಟ್ಟುಕೊಂಡೇ ಅಡುಗೆ ಮಾಡುತ್ತಿದ್ದಳು. ಸೌದೆ ಹಸಿಯಿದ್ದರಂತೂ ಹೊಗೆ ಹೊರಗೆ ಹೋಗಲು ದಾರಿ ಕಾಣದೆ ನಡುಮನೆಗೆ ಬರುತ್ತಿತ್ತು. ಒಗ್ಗರಣೆ ಕೆಂಪಾಯಿತೋ ಕರಿದಾಯಿತೋ ಅವಳಿಗೆ ಕಣ್ಣಿಗೆ ಕಾಣುತ್ತಿರಲಿಲ್ಲ, ಮೂಗಿಗೆ ಗೊತ್ತಾಗುತ್ತಿತ್ತು. ಹೊರಗೆ ಬಂದಾಗ ಅವಳ ಕಣ್ಣು ಯಾವಾಗಲೂ ಕೆಂಪಗಿರುತ್ತಿದ್ದವು. ಹೊಸದಾಗಿ ಬಂದ ನೆಂಟರು ಅವ್ವ ಅತ್ತಿದ್ದಾಳೆಂದೇ ತಿಳಿದು ಅಜ್ಜಿಯನ್ನು ಒಂಥರಾ ನೋಡುತ್ತಿದ್ದರು.

ಮದುವೆಯಾಗಿ ಬಂದ ವಾರವೇ ಅವ್ವ ಅಪ್ಪನ ಹತ್ತಿರ ಕೇಳಿದ್ದು ಒಂದೇ ಒಂದು, ಆ ಗೋಡೆಗೊಂದು ಕಿಟಕಿ. ಸೀರೆ ಕೇಳಲಿಲ್ಲ, ಓಲೆ ಕೇಳಲಿಲ್ಲ. ಅಪ್ಪ "ಆಗಲಿ" ಅಂದರು. ಆ "ಆಗಲಿ" ಹನ್ನೊಂದು ವರ್ಷ ಆಗಲಿಯಾಗಿಯೇ ಉಳಿಯಿತು.

ಅಂತೂ ನಾನು ಒಂಬತ್ತು ವರ್ಷದವಳಿದ್ದಾಗ, ಕಾರ್ತಿಕ ಮಾಸದಲ್ಲಿ, ಒಂದು ಸಂಜೆ ಎತ್ತಿನ ಗಾಡಿಯಲ್ಲಿ ಒಂದು ಕಿಟಕಿ ಬಂತು. ಯಾವುದೋ ದೊಡ್ಡ ಬಂಗಲೆ ಕೆಡವಿದಾಗ ಸಿಕ್ಕ ತೇಗದ ಚೌಕಟ್ಟು, ನಾಲ್ಕು ರೆಕ್ಕೆ, ಬೆರಳು ದಪ್ಪದ ಸರಳುಗಳು. ನಡುಮನೆಯಲ್ಲಿ ಒರಗಿಸಿದರೆ ಅರ್ಧ ಗೋಡೆ ತುಂಬಿತು. ಅವ್ವ ಸೆರಗಿನಲ್ಲಿ ಕೈಯೊರೆಸಿಕೊಂಡು ಬಂದು ನೋಡಿದಳು. ಒಂದು ರೆಕ್ಕೆ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಮುಂದಿನ ವಾರದಿಂದ ನಮ್ಮ ಮನೆ ಎಂದಿಗಿಂತ ಹೆಚ್ಚು ಅಲ್ಲೋಲ ಕಲ್ಲೋಲವಾಯಿತು. ಅಡುಗೆಮನೆಯ ಗಡಿಗೆ, ಡಬ್ಬ, ಒರಳುಕಲ್ಲು ಎಲ್ಲ ನಡುಮನೆಗೆ ಬಂದವು. ಚಿಕ್ಕಪ್ಪನ ಹಾಸಿಗೆ ಜಗಲಿಗೆ ಹೋಯಿತು. ರಾಗಿ ಹಿಟ್ಟಿನ ಡಬ್ಬದ ಮೇಲೆ ನನ್ನ ಪುಸ್ತಕ, ಪುಸ್ತಕದ ಮೇಲೆ ಹುಣಸೆಹಣ್ಣಿನ ಮಡಕೆ. ಓಡಾಡುವಾಗ ಎಲ್ಲರೂ ಒಂದೊಂದು ಸಲ ಚೌಕಟ್ಟಿಗೆ ಕಾಲು ಎಡವಿ ಅಪ್ಪನನ್ನು ಬೈದುಕೊಂಡರು. ಹಿತ್ತಿಲಲ್ಲಿ ಸುಣ್ಣ ಬೆರೆಸಿದ ಗಾರೆಯ ಘಾಟು, ಬೀದಿಯ ಕಡೆಯಿಂದ ಸಗಟು ಅಂಗಡಿಗಳ ಒಣಮೆಣಸಿನಕಾಯಿ ಘಾಟು, ಪಕ್ಕದ ಓಣಿಯಲ್ಲಿ ತಗಡಿನ ಟ್ರಂಕು ಬಡಿಯುವ ಸದ್ದು. ಕೂತಲ್ಲಿ ಕೂರಲಾಗದ ದಿನಗಳವು. ನಾನಂತೂ ಇಟ್ಟಿಗೆ ಚೂರು ಉಜ್ಜಿ ಐದು ಕಲ್ಲು ಮಾಡಿಕೊಂಡು, ಆಡಲು ಒಂದು ಅಂಗೈಯಗಲ ಜಾಗ ಹುಡುಕುತ್ತ ಮನೆಯೆಲ್ಲ ತಿರುಗುತ್ತಿದ್ದೆ.

ಅದೇ ಹೊತ್ತಿನಲ್ಲಿ ನನ್ನ ಬಳಪ ಕಾಣೆಯಾಗತೊಡಗಿದವು. ಮೊದಲು ಒಂದು, ಆಮೇಲೆ ಎರಡು, ಕೊನೆಗೆ ಡಬ್ಬಿಗೆ ಡಬ್ಬಿಯೇ. ಬರೀ ಸ್ಲೇಟು ಹಿಡಿದುಕೊಂಡು ಹೋಗಿ ಮೇಷ್ಟ್ರ ಹತ್ತಿರ ಕಿವಿ ಹಿಂಡಿಸಿಕೊಂಡೆ. ಕಳ್ಳನನ್ನು ಹಿಡಿಯಬೇಕೆಂದು ಒಂದು ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ನಿಂತಿದ್ದರೆ, ಅವ್ವ ನನ್ನ ಚೀಲದಿಂದ ಬಳಪ ತೆಗೆದು ಕಟಕಟ ಕಡಿದು ತಿನ್ನುತ್ತಿದ್ದಾಳೆ!

"ಅವ್ವಾ, ಅದು ನಂದು!"

ಅವ್ವ ಬೆಚ್ಚಿಬಿದ್ದು ಬಾಯಿ ಮುಚ್ಚಿಕೊಂಡಳು. "ಶ್! ಬಾಯಿ ಕೆಟ್ಟದೆ ಕಣೆ. ನಾಳೆ ಬೇರೆ ತರಿಸಿಕೊಡ್ತೀನಿ ಬುಡು" ಅಂದಳು. ದೊಡ್ಡವರಿಗೆ ಬಾಯಿ ಕೆಟ್ಟರೆ ಬಳಪ ತಿನ್ನುತ್ತಾರೆ ಎಂದುಕೊಂಡು ನಾನು ಸುಮ್ಮನಾದೆ.

ಆ ಶನಿವಾರ ಅವ್ವ ಹೊರಗೆ ಕೂತಳು. ತಿಂಗಳಿಗೆ ಮೂರು ದಿನ ಹೆಂಗಸರು ಯಾರನ್ನೂ ಮುಟ್ಟದೆ ಹಿತ್ತಿಲ ಚಪ್ಪರದಡಿ ಚಾಪೆ ಹಾಕಿಕೊಂಡು ಕೂರುವುದು ಆಗ ಎಲ್ಲ ಮನೆಗಳಲ್ಲೂ ಇತ್ತು. ಮಕ್ಕಳು ಕೇಳಿದರೆ ಕಾಗೆ ಮುಟ್ಟಿದೆ ಎನ್ನುತ್ತಿದ್ದರು. ನಮ್ಮ ಚಪ್ಪರವಿದ್ದುದು ಅಡುಗೆಮನೆಯ ಹಿಂಗೋಡೆಗೆ ಅಂಟಿಕೊಂಡೇ. ಅಡುಗೆ ಅಜ್ಜಿಯ ಪಾಲಿಗೆ ಬಂತು. ಒಳಗಿನಿಂದ ಅಜ್ಜಿ ಕೆಮ್ಮುವುದು, "ಇದೇನ್ ಅಡುಗೆಮನೆಯೋ, ಇದ್ದಿಲು ಗೂಡೋ" ಎಂದು ಗೊಣಗುವುದು ಹಿತ್ತಿಲಿಗೆ ಕೇಳುತ್ತಿತ್ತು. ಅವ್ವ ಮಂಡಿಯಲ್ಲಿ ಮುಖವಿಟ್ಟುಕೊಂಡು ನಗುತ್ತಿದ್ದಳು.

ನಾನು ಅವಳಿಗೆ ಮುದ್ದೆ, ಸಾರು ತೆಗೆದುಕೊಂಡು ಹೋಗಿ ಮೂರಡಿ ದೂರದಲ್ಲೇ ತಟ್ಟೆ ಇಟ್ಟೆ. ಅವ್ವ ಸುತ್ತ ನೋಡಿ, ನನ್ನ ಕೈ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡುಬಿಟ್ಟಳು.

"ಅಯ್ಯೋ, ಮುಟ್ಟಿಬುಟ್ಟೆ ಅವ್ವಾ! ಅಜ್ಜಿ ತಣ್ಣೀರು ಹುಯ್ತಾರೆ ನನಗೆ!"

"ಏನೂ ಆಗಲ್ಲ ಸುಮ್ಕಿರು. ನಂಗೆ ಯಾವ ಕಾಗೇನೂ ಮುಟ್ಟಿಲ್ಲ."

"ಮತ್ತೆ ಯಾಕೆ ಕೂತಿದ್ದೀಯ?"

ಅವ್ವ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಕಿವಿಯ ಹತ್ತಿರ ಹೇಳಿದಳು. ನನಗೊಬ್ಬ ತಮ್ಮನೋ ತಂಗಿಯೋ ಬರುತ್ತಾರಂತೆ. ಪಾಪು ಹೊಟ್ಟೆಯಲ್ಲಿದ್ದರೆ ತಿಂಗಳ ಮೂರು ದಿನ ಹೊರಗೆ ಕೂರುವ ಹಾಗಿಲ್ಲ, ಹೋದ ತಿಂಗಳು ಅಜ್ಜಿ ಊರಿಗೆ ಹೋಗಿದ್ದರಿಂದ ತಿಳಿದಿರಲಿಲ್ಲ, ಈ ತಿಂಗಳೂ ಕೂರದಿದ್ದರೆ ತಟ್ಟನೆ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ಕಿಟಕಿ ಇಲ್ಲ.

"ಬಸುರಿ ಇರೋ ಮನೇಲಿ ಚೌಕಟ್ಟು ನಿಲ್ಲಿಸಬಾರದು, ಗೋಡೆ ಒಡೀಬಾರದು ಅಂತ ಅಜ್ಜಿ ಶಾಸ್ತ್ರ. ನಾಳೆನೇ ಕೆಲಸ ನಿಲ್ಲಿಸಿಬುಡ್ತಾರೆ. ನಿಮ್ಮಪ್ಪ ನಿಲ್ಲಿಸಿದ ಕೆಲಸ ಮತ್ತೆ ಸುರುವಾಗಿದ್ದು ಯಾವತ್ತಾದ್ರೂ ನೋಡಿದ್ಯಾ ನೀನು?"

ನಾನು ಬಚ್ಚಲ ಚಿಲಕ, ಅಟ್ಟದ ಏಣಿ, ಜಗಲಿಯ ಗುಂಡಿ ಎಲ್ಲ ನೆನೆದು ಇಲ್ಲವೆಂದು ತಲೆಯಾಡಿಸಿದೆ.

"ಅದಕ್ಕೇ ಹೇಳ್ತಿರೋದು. ಚೌಕಟ್ಟು ಗೋಡೆಗೆ ಕೂರೋವರೆಗೆ ಬಾಯಿ ಬುಡಬೇಡ. ನಿಮ್ಮಪ್ಪಂಗೂ ಗೊತ್ತಿಲ್ಲ. ಅವರಿಗೆ ಗೊತ್ತಾದ್ರೆ ಅವರವ್ವಂಗೆ ಗೊತ್ತಾದಂಗೆ."

ಅಪ್ಪನಿಗೂ ಗೊತ್ತಿಲ್ಲದ ವಿಷಯ ನನಗೆ ಗೊತ್ತು! ಆ ಹೆಮ್ಮೆಗೆ ನಾನು ಊಟವನ್ನೇ ಮರೆತೆ. ಅಜ್ಜಿಯನ್ನು ಏಮಾರಿಸಲು ಅವ್ವ ಮೂರು ದಿನ ಚಾಪೆಯ ಮೇಲೆ ನಾಟಕವಾಡುವುದೆಂದರೆ ಸಾಮಾನ್ಯ ಮಾತೇ?

ಮಾರನೆಯ ದಿನ ಭಾನುವಾರ, ಗಾರೆ ಕೆಲಸದ ಬಾಷಾ ಸಾಹೇಬರು ಕೆಸರೆಯಿಂದ ಸೈಕಲ್ ತುಳಿದುಕೊಂಡು ಬಂದರು. ಬಿಳಿ ಗಡ್ಡ, ಮೆತ್ತಗಿನ ಮಾತು, ಊದುಬತ್ತಿಯ ವಾಸನೆ. ಅಪ್ಪ ಹಾರೆ ಹಿಡಿದರು, ಸಾಹೇಬರು ಉಳಿ ಹಿಡಿದರು. ಅವ್ವ ಚಾಪೆಯನ್ನು ನುಗ್ಗೆಮರದ ಕೆಳಕ್ಕೆ ಎಳೆದುಕೊಂಡು ಅಲ್ಲಿಂದಲೇ ಯಜಮಾನಿಕೆ ಮಾಡಿದಳು. "ಇನ್ನೂ ಸ್ವಲ್ಪ ಎಡಕ್ಕೆ ಸಾಬ್ರೇ. ಒಲೆ ಇರೋದು ಎಡಕ್ಕೆ." "ಆಗ್ಲಮ್ಮಾ, ಎಡಕ್ಕೇ ಮಾಡೋಣ." ಮೊದಲ ಇಟ್ಟಿಗೆ ಒಳಕ್ಕೆ ಬಿದ್ದಾಗ ಒಳಗಿದ್ದ ಅಜ್ಜಿ "ಅಯ್ಯಪ್ಪ!" ಎಂದು ಕೂಗಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಗೋಡೆಯಲ್ಲಿ ಒಂದಾಳು ದಾಟುವಷ್ಟು ಕಂಡಿಯಾಗಿತ್ತು. ಅಜ್ಜಿ ಅದರಿಂದ ತಲೆ ಹೊರಗೆ ಹಾಕಿ, "ಏನ್ ಬೆಳಕು ಬತ್ತದಮ್ಮಿ!" ಎಂದು ತಾವೇ ಬೆರಗಾದರು.

ಮೂರು ದಿನ ಮುಗಿದು ಅವ್ವ ತಲೆಗೆ ಸ್ನಾನ ಮಾಡಿ ಒಳಗೆ ಬಂದಳು. ಆಮೇಲಿನ ದಿನಗಳನ್ನು ನಾನು ಮರೆತಿಲ್ಲ. ಹೊತ್ತು ಮುಳುಗಿದರೆ ಕಂಡಿಗೆ ಗೋಣಿತಾಟು ಕಟ್ಟುತ್ತಿದ್ದರು, ಬೆಳಿಗ್ಗೆ ಅವ್ವ ಎದ್ದ ತಕ್ಷಣ ಅದನ್ನು ಬಿಚ್ಚುತ್ತಿದ್ದಳು. ಬಿಸಿಲು ನೇರ ಒಲೆಯ ಕಟ್ಟೆಯ ಮೇಲೆ ಬೀಳುತ್ತಿತ್ತು. ಅವರೆಕಾಯಿಯ ಕಾಲ. ಬೀದಿಯಲ್ಲೆಲ್ಲ ಸೊಗಡಿನ ವಾಸನೆ. ಅವ್ವ ಹಿತಕಿದ ಬೇಳೆ ಸಾರಿಗೆ ಮಸಾಲೆ ಹುರಿಯುವಾಗ ಕೊತ್ತಂಬರಿ ಬೀಜ ಕೆಂಪಾಗುವುದನ್ನು ಬಗ್ಗಿ ನೋಡುತ್ತಿದ್ದಳು. ಅವಳು ಅಡುಗೆ ಮಾಡುವಾಗ ಅವಳ ಮುಖ ಹೇಗಿರುತ್ತದೆಂದು ನನಗೆ ಗೊತ್ತಾದದ್ದೇ ಆಗ. ಕೆಳತುಟಿ ಸ್ವಲ್ಪ ಕಚ್ಚಿಕೊಂಡು, ಒಂದು ಹುಬ್ಬು ಏರಿಸಿಕೊಂಡು. ಬುಡ್ಡಿ ದೀಪವನ್ನು ತೊಳೆದು ಮೇಲಿನ ಹಲಗೆಗೆ ಎತ್ತಿಟ್ಟಿದ್ದಳು.

ಚೌಕಟ್ಟಿನ ಎರಡು ಸರಳು ಸಡಿಲವಾಗಿದ್ದರಿಂದ ಅದು ಮಂಡಿಯ ಬಡಗಿಯ ಹತ್ತಿರ ಹೋಗಿ ಬರಬೇಕಾಗಿತ್ತು. ಅದನ್ನು ನಿಲ್ಲಿಸಲು ಅಯ್ನೋರು ಪಂಚಾಂಗ ನೋಡಿ ಕೊಟ್ಟದ್ದು ಅದರ ಮುಂದಿನ ವಾರದ ಶುಕ್ರವಾರ. ಅದು ತಪ್ಪಿದರೆ ಧನುರ್ಮಾಸ ಹುಟ್ಟುತ್ತದೆ, ಸಂಕ್ರಾಂತಿಯವರೆಗೆ ಯಾವ ಶುಭ ಕೆಲಸವೂ ಇಲ್ಲ. ಅಷ್ಟು ಹೊತ್ತಿಗೆ ಅವ್ವನ ಹೊಟ್ಟೆ ಯಾರಿಗೂ ಕಾಣದೆ ಇರುವುದೂ ಇಲ್ಲ. ಅವ್ವ ದಿನ ಎಣಿಸುತ್ತಿದ್ದಳು, ಅವಳ ಜೊತೆ ನಾನೂ ಎಣಿಸುತ್ತಿದ್ದೆ. ಬೆಳಿಗ್ಗೆ ಅವಳಿಗೆ ವಾಕರಿಕೆ ಬಂದರೆ ನಾನು ಜೋರಾಗಿ ಮಗ್ಗಿ ಹೇಳುತ್ತಿದ್ದೆ. "ಈ ಹುಡುಗಿಗೆ ಈಚೆಗೆ ಓದಿನ ಮೇಲೆ ಭಾಳ ಮನಸ್ಸು ಬಂದದೆ" ಎಂದು ಅಜ್ಜಿ ಮೆಚ್ಚಿಕೊಂಡರು.

ಎಲ್ಲ ಸರಿಯಾಗಿಯೇ ನಡೆದಿತ್ತು. ಆ ಶುಕ್ರವಾರಕ್ಕೆ ಇನ್ನು ಮೂರೇ ದಿನ ಎನ್ನುವಾಗ, ಮಂಗಳವಾರ ಸಂಜೆ ನಾನು ಅಜ್ಜಿಯ ಜೊತೆ ಜಗಲಿಯಲ್ಲಿ ಕೂತು ಅವರೆಕಾಳು ಹಿತಕುತ್ತಿದ್ದೆ. ಎದುರು ಮನೆಯವರು ಹೊಸ ಬಾಗಿಲು ನಿಲ್ಲಿಸುತ್ತಿದ್ದರು. ಆ ಮನೆಯ ಸೊಸೆ ತುಂಬಿದ ಬಸುರಿ. ಅಜ್ಜಿ ಅದನ್ನೇ ನೋಡುತ್ತ ಕೈ ನಿಲ್ಲಿಸಿದರು.

"ಯಾರಾದ್ರೂ ಹೇಳಬಾರದಾ ಅವರಿಗೆ? ತಿಳೀದೆ ಮಾಡ್ತಾವ್ರೆ."

"ಮಾಡಿದ್ರೆ ಏನಾಯ್ತದಜ್ಜಿ?" ಎಂದೆ ನಾನು.

ಅಜ್ಜಿ ಮತ್ತೆ ಎರಡು ಕಾಳು ಹಿತಕಿದರು. ಆಮೇಲೆ, "ನಿಮ್ಮಪ್ಪನ್ಗಿಂತ ಮುಂಚೆ ನಂಗೊಂದು ಕೂಸಾಗಿತ್ತು ಕಣಮ್ಮಿ. ಗಂಡು ಕೂಸು. ಅದು ಹೊಟ್ಟೇಲಿದ್ದಾಗ ನಿಮ್ಮ ತಾತ ಕೊಟ್ಟಿಗೆಗೆ ಬಾಗಿಲು ನಿಲ್ಲಿಸಿದ್ರು. ಬ್ಯಾಡ ಬ್ಯಾಡ ಅಂದೆ. ಕೇಳ್ನಿಲ್ಲ. ಹುಟ್ಟಿ ಒಂಬತ್ತು ದಿನ ಇತ್ತು. ಹಾಲೇ ಕುಡೀನಿಲ್ಲ ಅದು" ಅಂದರು.

"ಹೆಸರೇನಜ್ಜಿ ಅದಕ್ಕೆ?"

"ಹೆಸರು ಎಲ್ಲಿ ಇಡೋದು? ಒಂಬತ್ತೇ ದಿನ ಅಂದ್ನಲ್ಲ."

ಅಜ್ಜಿ ಅಳಲಿಲ್ಲ, ಸುಮ್ಮನೆ ಕಾಳು ಹಿತಕಿದರು. ಅವರಿಗೆ ಅರವತ್ತು ದಾಟಿತ್ತು, ಆ ಮಗುವಿನ ಮಾತನ್ನು ಅವರು ಅದಕ್ಕೆ ಮುಂಚೆ ನನ್ನ ಹತ್ತಿರ ಎತ್ತಿರಲಿಲ್ಲ. ನನಗೆ ಅಂದು ಸಾರು ಸೇರಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲವಲ್ಲ" ಅಂದಳು. ಹೇಳಿದರೆ ಅವ್ವನ ಕಿಟಕಿ ಹೋಗುತ್ತದೆ, ಹೇಳದಿದ್ದರೆ ಪಾಪು ಹಾಲು ಕುಡಿಯುವುದಿಲ್ಲ. ಈ ಎರಡರ ನಡುವೆ ನಾನು ಓಡಾಡಿದ್ದೇ ಓಡಾಡಿದ್ದು. ಜಗಲಿಗೆ ಹೋದೆ, ಹಿತ್ತಿಲಿಗೆ ಹೋದೆ, ಮರಳಿನಲ್ಲಿ ಗೂಡು ಕಟ್ಟಿ ಒದ್ದೆ. ಬುಧವಾರ ಸ್ಕೂಲಿನಲ್ಲಿ ಮೇಷ್ಟ್ರು ಏನು ಕೇಳಿದರೋ, ನಾನೇನು ಹೇಳಿದೆನೋ.

ಅವತ್ತು ಮನೆಗೆ ಬಂದರೆ ಚೌಕಟ್ಟು ರಿಪೇರಿಯಾಗಿ ಬಂದಿದೆ. ಅರಿಸಿನ ಕುಂಕುಮ ಹಚ್ಚಲು ಅಜ್ಜಿಯೇ ಅದನ್ನು ಒರೆಸುತ್ತ ಕೂತಿದ್ದಾರೆ. ಅವ್ವ ಅಡುಗೆಮನೆಯಲ್ಲಿ, ಬೆಳಕಿನಲ್ಲಿ, ಅಕ್ಕಿ ಆರಿಸುತ್ತಿದ್ದಾಳೆ. ನಾನು ಚೀಲ ಕೆಳಗಿಡದೆ ಅಜ್ಜಿಯ ಮುಂದೆ ನಿಂತೆ.

"ಅಜ್ಜಿ, ಇದನ್ನು ಗೋಡೆಗೆ ಕೂರಿಸಬೇಡಿ."

"ಯಾಕಮ್ಮಿ?"

"ಅವ್ವಂಗೆ ಅವತ್ತು ಕಾಗೆ ಮುಟ್ಟಿರಲಿಲ್ಲ."

ಅಜ್ಜಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ನಾನು ಅವರ ಸೀರೆಯ ಹಿಂದೆ ನಿಂತೆ.

"ಎಷ್ಟು ತಿಂಗಳು?"

ಅವ್ವ ಮೊರ ಕೆಳಗಿಟ್ಟಳು. ಅಜ್ಜಿಯನ್ನು ನೋಡಿದಳು, ಅಜ್ಜಿಯ ಹಿಂದಿದ್ದ ನನ್ನನ್ನು ನೋಡಿದಳು. "ಮೂರಕ್ಕೆ ಬಿದ್ದದೆ ಅತ್ತೆ."

"ಮುಟ್ಟಾಗಿದ್ದೀನಿ ಅಂತ ಸುಳ್ಳು ಹೇಳಿ ಮೂರು ದಿನ ಹೊರಗೆ ಕುಂತಿದ್ದಾ?"

"ಹೂಂ."

"ಒಂದು ಕಿಟಕಿಗೋಸ್ಕರ?"

"ಹೂಂ ಅತ್ತೆ. ಒಂದು ಕಿಟಕಿಗೋಸ್ಕರ."

ಅವ್ವನ ದನಿಯಲ್ಲಿ ತಪ್ಪಾಯಿತು ಎನ್ನುವುದು ಇರಲಿಲ್ಲ. ಅಜ್ಜಿ ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿಕೊಂಡೆ. ಬೈಯಲಿಲ್ಲ. ಬಾಗಿಲಲ್ಲೇ ಕುಸಿದು ಕೂತು, "ನಿಂಗೆ ಕೈ ಮುಗೀತೀನಿ ಕಣವ್ವ, ಬ್ಯಾಡ. ನಾನೊಂದು ಕಳಕೊಂಡಿವ್ನಿ" ಅಂದರು. ಅತ್ತೆ ಸೊಸೆಗೆ ಕೈ ಮುಗಿದದ್ದನ್ನು ನಾನು ಅದೇ ಮೊದಲು, ಅದೇ ಕೊನೆ ನೋಡಿದ್ದು. ಜಗಳವಾಡಿದ್ದರೆ ಅವ್ವ ಗೆಲ್ಲುತ್ತಿದ್ದಳೋ ಏನೋ. ಕೈ ಮುಗಿದ ಮೇಲೆ ಏನು ಮಾಡಿಯಾಳು? ಮೊರ ಮತ್ತೆ ಮಡಿಲಿಗೆ ಎಳೆದುಕೊಂಡು ಅಕ್ಕಿ ಆರಿಸತೊಡಗಿದಳು.

ಸಂಜೆ ಅಪ್ಪನಿಗೆ ಎರಡೂ ಸುದ್ದಿ ಒಟ್ಟಿಗೆ ಗೊತ್ತಾಯಿತು. ಮಗುವಿಗಾಗಿ ನಗಬೇಕೋ ಕಿಟಕಿಗಾಗಿ ಅಳಬೇಕೋ ತಿಳಿಯದೆ ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತರು. "ಬಾಣಂತನ ಆಗ್ಲಿ, ಆಮೇಲೆ ಮೊದಲು ಅದೇ ಕೆಲಸ" ಅಂದರು. ಅವ್ವ ಅವರ ಮುಖವನ್ನು ಸಹ ನೋಡದೆ ಮುದ್ದೆ ಕಟ್ಟುತ್ತಿದ್ದಳು.

ಗುರುವಾರ ಬಾಷಾ ಸಾಹೇಬರು ಬಂದದ್ದು ಚೌಕಟ್ಟು ಕೂರುವ ಹಾಗೆ ಕಂಡಿಯನ್ನು ಹದ ಮಾಡಲು, ಮಾಡಿದ್ದು ಕಂಡಿ ಮುಚ್ಚುವ ಕೆಲಸ. ಬಸುರಿ ಇರುವ ಮನೆಯಲ್ಲಿ ಗೋಡೆ ಬಾಯ್ತೆರೆದುಕೊಂಡು ಇರಕೂಡದು ಎಂದು ಅಜ್ಜಿಯ ಹಟ. ಒಡೆಯುವುದು ಕೂಡದು, ಕಟ್ಟುವುದು ಕೂಡದು, ಮುಚ್ಚುವುದು ಮಾತ್ರ ಕೂಡುತ್ತದೆ ಎಂಬ ಶಾಸ್ತ್ರ ಎಲ್ಲಿತ್ತೋ ಅಜ್ಜಿಗೇ ಗೊತ್ತು. ಸಾಹೇಬರು ಕೆಳಗಿನಿಂದ ಒಂದೊಂದೇ ಸಾಲು ಕಟ್ಟುತ್ತ ಬಂದರು. ಅವ್ವ ಒಳಗೆ ಒಲೆಯ ಮುಂದೆ ನಿಂತಿದ್ದಳು. ಬೆಳಕು ಅವಳ ಸೊಂಟದಿಂದ ಎದೆಗೆ, ಎದೆಯಿಂದ ಮುಖಕ್ಕೆ ಏರಿತು. ಕೊನೆಯ ಸಾಲಿಗೆ ಸಾಹೇಬರು ಕರಣೆ ನಿಲ್ಲಿಸಿದರು.

"ಅಮ್ಮಾ, ಮೇಲೆ ಒಂದು ಇಟ್ಟಿಗೆ ಜಾಗ ಬಿಡ್ಲಾ? ಹೊಗೆ ಹೋಗ್ಲಿ. ಯಾರಿಗೂ ಗೊತ್ತಾಗಲ್ಲ."

"ಬ್ಯಾಡಿ ಸಾಬ್ರೇ. ಮುಚ್ಚೋದಾದ್ರೆ ಪೂರ್ತಿ ಮುಚ್ಚಿಬುಡಿ" ಅಂದಳು ಅವ್ವ.

ಸಾಹೇಬರು ಮುಚ್ಚಿದರು. ಅವ್ವ ಹಲಗೆಯ ಮೇಲಿಂದ ಬುಡ್ಡಿ ಇಳಿಸಿ, ಎಣ್ಣೆ ಹಾಕಿ, ಹಚ್ಚಿದಳು. ನಾನು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಬೈದಿದ್ದರೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು "ಬಾ, ಊಟ ಮಾಡು" ಎಂದಷ್ಟೇ ಅಂದಳು. ಆಮೇಲೆ ಅವಳು ನನಗೆ ಯಾವ ಗುಟ್ಟನ್ನೂ ಹೇಳಲಿಲ್ಲ.

ಜ್ಯೇಷ್ಠದಲ್ಲಿ ನನ್ನ ತಮ್ಮ ನಾಗರಾಜ ಹುಟ್ಟಿದ. ಹುಟ್ಟಿದ ಗಳಿಗೆಯಿಂದ ಹಾಲು ಕುಡಿದದ್ದೇ ಕುಡಿದದ್ದು. ಒಂಬತ್ತು ದಿನ ಅಜ್ಜಿ ಅವನ ಪಕ್ಕ ಬಿಟ್ಟು ಏಳಲಿಲ್ಲ. ಹತ್ತನೆಯ ದಿನ ನನ್ನನ್ನು ಕರೆದು, "ನೀನು ಉಳಿಸಿದ ಕೂಸು ಕಣಮ್ಮಿ" ಎಂದು ನನ್ನ ತೊಡೆಯ ಮೇಲೆ ಮಲಗಿಸಿದರು. ನಾನು ಹಿಗ್ಗಿ ಅವ್ವನನ್ನು ನೋಡಿದೆ. ಅವ್ವ ಆ ಕಡೆಗೆ ತಿರುಗಿ ಮಲಗಿದ್ದಳು.

ಬಾಣಂತನ ಮುಗಿಯಿತು. ಅಷ್ಟರಲ್ಲಿ ಚಿಕ್ಕಪ್ಪನ ಮದುವೆ ಗೊತ್ತಾಯಿತು. ಹೊಸ ಜೋಡಿಗೆ ಕೋಣೆ ಬೇಕಲ್ಲ, ಅಪ್ಪ ಜಗಲಿಯ ಅರ್ಧಕ್ಕೆ ಗೋಡೆ ಎಬ್ಬಿಸಿದರು. ಕೋಣೆಗೆ ಕಿಟಕಿ ಬೇಕಲ್ಲ, ನಡುಮನೆಯಲ್ಲಿ ಒರಗಿಕೊಂಡಿದ್ದ ಚೌಕಟ್ಟು ಅಲ್ಲಿಗೆ ಹೋಯಿತು. "ನಿನಗೆ ಇದಕ್ಕಿಂತ ಒಳ್ಳೇದು ತರ್ತೀನಿ" ಅಂದರು ಅಪ್ಪ. ಅಪ್ಪ ಸುಳ್ಳು ಹೇಳಲಿಲ್ಲ, ಮುಂದೆ ಎರಡು ಸಲ ತಂದರು ಕೂಡ. ಒಂದು ಸಲ ಚಿಕ್ಕಮ್ಮ ಬಸುರಿ. ಇನ್ನೊಂದು ಸಲ ಅವ್ವನೇ ಮತ್ತೆ. ಆಮೇಲೆ ಮತ್ತೆ ಚಿಕ್ಕಮ್ಮ. ಒಟ್ಟು ಕುಟುಂಬದಲ್ಲಿ ಬಸುರಿ ಇಲ್ಲದ ವರ್ಷ ಯಾವುದಿರುತ್ತಿತ್ತು? ಅಜ್ಜಿ ತೀರಿಕೊಂಡ ಮೇಲಾದರೂ ಆಗಬಹುದಿತ್ತು. ಆಗ ಕೇಳುವ ಆಸೆ ಅವ್ವನಿಗೇ ಉಳಿದಿರಲಿಲ್ಲ. ಆ ಗೋಡೆಯ ಮುಂದೆ ಅವಳು ಇನ್ನೂ ಹದಿನಾರು ವರ್ಷ ಒಲೆ ಊದಿದಳು.

ನನಗೆ ಐವತ್ತಾದ ಮೇಲೆ ಅವ್ವನ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣು ಆಗಲೇ ಪೂರ್ತಿ ಹೋಗಿತ್ತು, ಇನ್ನೊಂದನ್ನಾದರೂ ಉಳಿಸಿಕೊಳ್ಳೋಣವೆಂದು ಹೋಗಿದ್ದೆವು. ಡಾಕ್ಟರು ಪರೀಕ್ಷೆ ಮಾಡುತ್ತ, "ಸೌದೆ ಒಲೇಲಿ ಬಹಳ ವರ್ಷ ಅಡುಗೆ ಮಾಡಿದ್ರಾ ಅಜ್ಜಿ?" ಎಂದು ಕೇಳಿದ್ದರು. ಅವ್ವ ಹೌದೆಂದು ತಲೆಯಾಡಿಸಿದ್ದಳು. ಆ ಪ್ರಶ್ನೆ ಮೂರು ದಿನ ನನ್ನನ್ನು ಕೂರಲು ಬಿಡಲಿಲ್ಲ. ಮನೆಗೆ ಕಳಿಸುವ ದಿನ, ಔಷಧಿ ತರಲು ನಾಗರಾಜ ಹೋಗಿದ್ದಾಗ, ವರಾಂಡದ ಬೆಂಚಿನ ಮೇಲೆ ಅವಳ ಪಕ್ಕ ಕೂತು ಕೊನೆಗೂ ಬಾಯಿಬಿಟ್ಟೆ.

"ಅವ್ವಾ, ಅವತ್ತು ಅಜ್ಜಿಗೆ ಹೇಳಿದ್ದು ನಾನು ತಪ್ಪು ಮಾಡಿದೆ. ನಂಗೆ ಪಾಪು ಸತ್ತುಹೋಗ್ತದೆ ಅಂತ ಭಯ ಆಗಿತ್ತು."

ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡಿದ್ದ ಅವ್ವ ಯಾವ ದಿನ, ಏನು ಹೇಳಿದ್ದು ಎಂದು ಕೇಳಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಗೊತ್ತು ಕಣೆ. ಮಗು ನೀನು, ನಿಂದೇನು ತಪ್ಪು" ಅಂದಳು. ನನಗೆ ಉಸಿರು ಬಂದ ಹಾಗಾಯಿತು. ಹಿಡಿದ ಕೈ ಬಿಡದೆ ಮತ್ತೆ ಅವಳೇ ಅಂದಳು: "ಆದ್ರೂ ಇನ್ನೆರಡು ದಿನ ತಡೀಬೋದಾಗಿತ್ತು ಕಣೆ ನೀನು."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ನಲವತ್ತು ವರ್ಷಕ್ಕೂ ಮೇಲೆ ಒಳಗೇ ಇಟ್ಟುಕೊಂಡಿದ್ದನ್ನು ಹಾಗೇ ತೆಗೆದು ನನ್ನ ಕೈಗೆ ಕೊಟ್ಟಳು. ಅಷ್ಟರಲ್ಲಿ ನಾಗರಾಜ ಬಂದ. ಆಳೆತ್ತರದ ಗಟ್ಟಿ ಗಂಡಸು, ಅವ್ವನನ್ನು ತೋಳು ಹಿಡಿದು ಮೆಲ್ಲಗೆ ಮೆಟ್ಟಿಲು ಇಳಿಸಿದ.

ಈಗ ಅವ್ವ ಇಲ್ಲ, ಅಪ್ಪ ಇಲ್ಲ. ಆ ಮನೆಯ ಜಾಗದಲ್ಲಿ ಮೂರಂತಸ್ತಿನ ಗೋಡೌನ್ ಎದ್ದಿದೆ. ಗೋಡೆ ಯಾವಾಗ ಬೀಳುತ್ತದೋ ಯಾವಾಗ ಏಳುತ್ತದೋ ತಿಳಿಯದ ಆ ಗದ್ದಲ, ಗಾರೆಯ ಘಾಟು, ಜಾಗ ಸಾಲದೆ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಮಲಗುತ್ತಿದ್ದ ನಾವು, ಎಲ್ಲ ಹೋಯಿತು. ನನ್ನ ಅಡುಗೆಮನೆಗೆ ಎರಡು ಕಿಟಕಿಗಳಿವೆ, ಒಲೆಯ ಮುಂದೆ ನಿಲ್ಲುವವರು ದಿನಕ್ಕೆ ಹತ್ತು ನಿಮಿಷ ನಿಂತರೆ ಹೆಚ್ಚು. ತಮ್ಮ ಬಂದಾಗಲೆಲ್ಲ ಅವನ ಮುಖ ನೋಡಿ ಸಂತೋಷಪಡುತ್ತೇನೆ. ಅವನನ್ನು ನಾನು ಉಳಿಸಿದೆ ಎಂದು ಅಜ್ಜಿ ಸಾಯುವವರೆಗೂ ನಂಬಿದ್ದರು, ಬಹಳ ಕಾಲ ನಾನೂ ನಂಬಿದ್ದೆ. ಈಗ ಆ ನಂಬಿಕೆಯೂ ಇಲ್ಲ. ಅವನು ಹೇಗಿದ್ದರೂ ಹುಟ್ಟುತ್ತಿದ್ದ, ಹಾಲು ಕುಡಿಯುತ್ತಿದ್ದ. ಹೋದದ್ದು ಅವ್ವನ ಕಿಟಕಿ ಮಾತ್ರ.